ನಾಲ್ಕು ಜನರ ಮೆಚ್ಚುಗೆ, ಅಲ್ಲಾಹನ ಸಂಪ್ರೀತಿ

(ಚಿಕ್ಕೋಡಿ ತಾಲೂಕಿನ ಅಂಕಲಿಯಲ್ಲಿ ಸೇರಿದ್ದ ಕುಟುಂಬಗಳ ಸಭೆಯಲ್ಲಿ ಮಾಡಿದ ಭಾಷಣದ ಬರಹರೂಪ)



ಸರ್ವಸ್ತುತಿಯೂ ಅಲ್ಲಾಹನಿಗೆ ಮೀಸಲು. ಅವನ ಅಂತಿಮ ಪ್ರವಾದಿ ಮುಹಮ್ಮದ್(ಸ)ರ ಮೇಲೆ ಶಾಂತಿ ಮತ್ತು ಅನುಗ್ರಹವಿರಲಿ.

ಮಗು ಹುಟ್ಟಿದ ದಿನ ನಾವು ಅದರ ಕಿವಿಯಲ್ಲಿ ಅದಾನ್ ಹೇಳುತ್ತೇವೆ. ಅಲ್ಲಾಹನೇ ಮಹಾನನು ಎಂಬುದು ಆ ಕಂದ ಕೇಳುವ ಮೊದಲ ಮಾತು. ಆದರೆ ಅದು ಮಾತು ಕಲಿಯುವಷ್ಟರಲ್ಲಿ ನಾವು ಬೇರೆಯದೇ ಪಾಠವನ್ನು ಆರಂಭಿಸಿರುತ್ತೇವೆ. ‘ನಾಲ್ಕು ಜನರ ಮುಂದೆ ತಲೆಯೆತ್ತಿ ನಡೆಯುವಂತಾಗಬೇಕು.’ ‘ನಾಲ್ಕು ಜನ ನೋಡಿದರೆ ಏನೆಂದಾರು?’ ಬಟ್ಟೆ ತೊಡಿಸುವಾಗ, ಶಾಲೆ ಆರಿಸುವಾಗ, ಮದುವೆ ನಿಶ್ಚಯಿಸುವಾಗ, ಮನೆ ಕಟ್ಟಿಸುವಾಗ ಈ ನಾಲ್ಕು ಜನರು ನಮ್ಮ ಜೊತೆಗೇ ಇರುತ್ತಾರೆ. ಯಾರು ಇವರು? ಅವರ ಹೆಸರು ಹೇಳಿ ಎಂದರೆ ನಮ್ಮಲ್ಲಿ ಯಾರಿಗೂ ಹೇಳಲಾಗದು. ಆದರೂ ಇವರ ತೀರ್ಪಿಗೆ ಅಂಜಿ ನಾವು ಸಾಲ ಮಾಡುತ್ತೇವೆ, ಸುಳ್ಳಾಡುತ್ತೇವೆ, ಮಕ್ಕಳ ಮೇಲೆ ಕೈ ಮಾಡುತ್ತೇವೆ. ನಮಗೆ ಖಚಿತವಾಗಿ ಗೊತ್ತಿರುವ ನಾಲ್ಕು ಜನರೆಂದರೆ ನಮ್ಮ ಜನಾಝಕ್ಕೆ ಹೆಗಲು ಕೊಡುವವರು ಮಾತ್ರ. ಅವರಾದರೋ ಖಬರಸ್ತಾನದವರೆಗೆ ನಮ್ಮ ಗುಣಗಾನ ಮಾಡಿ, ಹಿಂದಿರುಗುವ ದಾರಿಯಲ್ಲಿ ಈ ವರ್ಷದ ಕಬ್ಬಿನ ದರದ ಬಗ್ಗೆ ಮಾತಾಡುವವರು. ಅದು ಅವರ ತಪ್ಪಲ್ಲ. ಬದುಕು ಇರುವುದೇ ಹಾಗೆ.

ಇಷ್ಟು ಹೇಳಿದೊಡನೆ ಕೆಲವರಿಗೆ ಒಂದು ಶಂಕೆ ಮೂಡಬಹುದು. ಹಾಗಾದರೆ ಇಸ್ಲಾಮ್ ಲೌಕಿಕ ಯಶಸ್ಸನ್ನು ವಿರೋಧಿಸುತ್ತದೆಯೇ? ಖಂಡಿತ ಇಲ್ಲ. ಪರಲೋಕವನ್ನು ಅರಸುವವನು ಇಹಲೋಕದಲ್ಲಿರುವ ತನ್ನ ಪಾಲನ್ನು ಮರೆಯಬಾರದೆಂದು ಪವಿತ್ರ ಕುರ್‌ಆನ್ ಬೋಧಿಸಿದೆ. ಬರಿಗೈಯಲ್ಲಿ ಮದೀನಕ್ಕೆ ವಲಸೆ ಬಂದ ಅಬ್ದುರ್ರಹ್ಮಾನ್ ಬಿನ್ ಔಫ್(ರ)ರಿಗೆ ಅಲ್ಲಿನ ಸಹೋದರರು ತಮ್ಮ ಸೊತ್ತಿನ ಅರ್ಧವನ್ನೇ ಕೊಡಲು ಮುಂದಾದಾಗ ಅವರು ಕೇಳಿದ್ದು ಮಾರುಕಟ್ಟೆಯ ದಾರಿಯನ್ನು. ಮುಂದೆ ಅವರು ದೊಡ್ಡ ವರ್ತಕರಾದರು. 2006ರ ಸಾಚಾರ್ ಸಮಿತಿಯ ವರದಿ ನೆನಪಿಸಿಕೊಳ್ಳಿ. 2001ರ ಜನಗಣತಿಯ ಆಧಾರದಲ್ಲಿ ದೇಶದ ಸರಾಸರಿ ಸಾಕ್ಷರತೆ ಶೇ. 65.1 ಇದ್ದಾಗ ಮುಸ್ಲಿಮರದು ಶೇ. 59.1 ಎಂದು ಅದು ಹೇಳಿತ್ತು. ಇಂತಹ ಸಮುದಾಯದ ಮುಂದೆ ನಿಂತು ‘ಓದಬೇಡಿ, ಗಳಿಸಬೇಡಿ, ಮೇಲೇರಬೇಡಿ’ ಎಂದು ಉಪದೇಶಿಸುವುದು ದೀನ್ ಅಲ್ಲ, ದ್ರೋಹ. ನಿಪ್ಪಾಣಿಯಲ್ಲಿ ಬೀಡಿ ಕಟ್ಟುವ ತಾಯಿಯ ಮಗಳು ವೈದ್ಯೆಯಾಗಲೇಬೇಕು. ನಮ್ಮ ಪ್ರಶ್ನೆ ಅದಲ್ಲ. ಆಕೆ ವೈದ್ಯೆಯಾಗುವುದು ಯಾರಿಗಾಗಿ, ಯಾತಕ್ಕಾಗಿ ಎಂಬುದು ಪ್ರಶ್ನೆ.

ಸಹೀಹ್ ಮುಸ್ಲಿಮ್‌ನಲ್ಲಿ ಅಬೂ ಹುರೈರಾ(ರ) ವರದಿ ಮಾಡಿದ ಒಂದು ಹದೀಸ್ ಇದೆ. ಅದನ್ನು ಹೇಳಲು ಹೊರಟಾಗಲೆಲ್ಲ ಅವರು ಭಯದಿಂದ ಪ್ರಜ್ಞೆ ತಪ್ಪುತ್ತಿದ್ದರೆಂದು ತಿರ್ಮಿದಿಯ ವರದಿಯಲ್ಲಿದೆ. ಅಂತ್ಯದಿನದಂದು ಮೊಟ್ಟಮೊದಲು ವಿಚಾರಣೆಗೊಳಗಾಗುವ ಮೂವರ ಚಿತ್ರ ಅದರಲ್ಲಿದೆ. ಅವರು ಕಳ್ಳರಲ್ಲ, ಕುಡುಕರಲ್ಲ, ಕೊಲೆಗಡುಕರಲ್ಲ. ಒಬ್ಬನು ರಣರಂಗದಲ್ಲಿ ಪ್ರಾಣ ಕೊಟ್ಟವನು. ಇನ್ನೊಬ್ಬನು ಜ್ಞಾನ ಗಳಿಸಿ ಕಲಿಸಿದವನು, ಕುರ್‌ಆನ್ ಪಾರಾಯಣ ಮಾಡಿದವನು. ಮೂರನೆಯವನು ಧಾರಾಳವಾಗಿ ದಾನ ನೀಡಿದವನು. ಮೂವರೂ ‘ನಾವಿದನ್ನು ನಿನಗಾಗಿಯೇ ಮಾಡಿದೆವು’ ಎಂದು ವಾದಿಸುತ್ತಾರೆ. ಅವರಿಗೆ ಸಿಗುವ ಉತ್ತರದ ಸಾರ ಇಷ್ಟೇ: ನಿನ್ನನ್ನು ಶೂರನೆನ್ನಲಿ, ಪಂಡಿತನೆನ್ನಲಿ, ಉದಾರಿಯೆನ್ನಲಿ ಎಂದು ನೀನು ಮಾಡಿದೆ, ಹಾಗೆಂದು ಜನರು ಆಗಲೇ ಅಂದಾಗಿದೆ. ಬಳಿಕ ಅವರನ್ನು ನರಕಕ್ಕೆ ಎಳೆಯಲಾಗುತ್ತದೆ.

ಸಹೋದರರೇ, ಈ ಮಾತಿನ ಮುಂದೆ ಸ್ವಲ್ಪ ಹೊತ್ತು ನಿಲ್ಲೋಣ. ಮೂವರ ಪೈಕಿ ಯಾರ ಕೂಲಿಯೂ ಮುಳುಗಲಿಲ್ಲ. ಅವರು ಬೇಡಿದ್ದು ಅವರಿಗೆ ಸಿಕ್ಕಿತು, ಪೂರ್ತಿಯಾಗಿ ಸಿಕ್ಕಿತು, ಇಲ್ಲಿಯೇ ಸಿಕ್ಕಿತು. ಕಾರ್ಖಾನೆಯಿಂದ ಮುಂಗಡ ಪಡೆದು ಖರ್ಚು ಮಾಡಿಬಿಟ್ಟ ರೈತನು ಲೆಕ್ಕದ ದಿನ ಮತ್ತೆ ಕೈ ಚಾಚಿದರೆ ಗುಮಾಸ್ತನು ಏನು ಹೇಳುತ್ತಾನೆ? ಚೀಟಿ ತೋರಿಸುತ್ತಾನೆ. ಕೀರ್ತಿ ಎಂಬುದು ಅಂಥ ಮುಂಗಡ. ಅದನ್ನು ಕೇಳಿ ಪಡೆದವನಿಗೆ ಅಂದು ಬಾಕಿ ಏನೂ ಉಳಿದಿರುವುದಿಲ್ಲ. ಕೇಳದೆ ಬಂದ ಹೊಗಳಿಕೆಯ ವಿಷಯ ಬೇರೆ. ಒಬ್ಬನು ಒಳಿತು ಮಾಡುತ್ತಾನೆ, ಅದಕ್ಕಾಗಿ ಜನರು ಅವನನ್ನು ಹೊಗಳುತ್ತಾರೆ, ಇದರ ಬಗ್ಗೆ ಏನು ಹೇಳುವಿರಿ ಎಂದು ಪ್ರವಾದಿವರ್ಯರಲ್ಲಿ(ಸ) ವಿಚಾರಿಸಲಾದಾಗ, ಅದು ಸತ್ಯವಿಶ್ವಾಸಿಗೆ ಬೇಗನೆ ತಲಪಿದ ಶುಭವಾರ್ತೆ ಎಂದು ಅವರು ತಿಳಿಸಿದರು. ಈ ವ್ಯತ್ಯಾಸವನ್ನು ನಾವು ಮನಸ್ಸಿನಲ್ಲಿಟ್ಟುಕೊಳ್ಳಬೇಕು. ಇಲ್ಲದಿದ್ದರೆ ಖ್ಯಾತರನ್ನೆಲ್ಲ ಶಂಕಿಸುವ ಇನ್ನೊಂದು ರೋಗ ನಮಗೆ ಅಂಟಿಕೊಂಡೀತು.

ಮಕ್ಕಾದ ಮುಸ್‌ಅಬ್ ಬಿನ್ ಉಮೈರ್(ರ)ರ ಕಥೆ ನಿಮಗೆ ಗೊತ್ತಿದೆ. ಶ್ರೀಮಂತ ಮನೆತನದ ಮುದ್ದಿನ ಮಗ. ಅವರ ಉಡುಪು, ಅವರು ಪೂಸುತ್ತಿದ್ದ ಸುಗಂಧ ಊರಿನಲ್ಲೇ ಮಾತಾಗಿತ್ತು. ಇಂದಿನ ಭಾಷೆಯಲ್ಲಿ ಹೇಳುವುದಾದರೆ ಮಕ್ಕಾದ ಯುವಕರು ಹಿಂಬಾಲಿಸುತ್ತಿದ್ದ ಹುಡುಗ. ಇಸ್ಲಾಮ್ ಸ್ವೀಕರಿಸಿದಾಗ ಆ ಸುಖವೆಲ್ಲ ಕೈಬಿಟ್ಟಿತು. ಪ್ರವಾದಿವರ್ಯರು(ಸ) ಅವರನ್ನು ಮದೀನಕ್ಕೆ ಶಿಕ್ಷಕರನ್ನಾಗಿ ಕಳುಹಿಸಿದರು. 625ರಲ್ಲಿ ಉಹುದ್ ರಣರಂಗದಲ್ಲಿ ಅವರು ಹುತಾತ್ಮರಾದಾಗ ಇದ್ದ ಒಂದೇ ವಸ್ತ್ರದಿಂದ ತಲೆ ಮುಚ್ಚಿದರೆ ಕಾಲು ಕಾಣುತ್ತಿತ್ತು, ಕಾಲು ಮುಚ್ಚಿದರೆ ತಲೆ ಕಾಣುತ್ತಿತ್ತು. ಕೊನೆಗೆ ಕಾಲಿನ ಮೇಲೆ ಹುಲ್ಲು ಹೊದಿಸಿದರು. ಮಕ್ಕಾದಲ್ಲಿ ಅವರ ಜೊತೆ ತಿರುಗಾಡಿದ ಸೊಗಸುಗಾರರ ಹೆಸರು ಇಂದು ಯಾರಿಗೆ ನೆನಪಿದೆ?

ಇನ್ನು ಖಾಲಿದ್ ಬಿನ್ ವಲೀದ್(ರ)ರನ್ನು ನೋಡಿ. ಸೋಲನ್ನೇ ಕಾಣದ ದಂಡನಾಯಕ. 634ರಲ್ಲಿ ಖಲೀಫರಾದ ಉಮರ್(ರ) ಅವರನ್ನು ಪ್ರಧಾನ ಸೇನಾಪತಿ ಸ್ಥಾನದಿಂದ ಇಳಿಸಿ ಅಬೂ ಉಬೈದಾ(ರ)ರನ್ನು ನೇಮಿಸಿದರು. ವಿಜಯ ಬರುವುದು ಖಾಲಿದ್‌ರಿಂದ ಎಂದು ಜನರು ನಂಬತೊಡಗಿದ್ದರು, ಅದು ಅಲ್ಲಾಹನಿಂದ ಎಂಬುದನ್ನು ಮರೆಯದಿರಲೆಂದು ಉಮರ್(ರ) ಬಯಸಿದ್ದರೆಂದು ಇತಿಹಾಸಕಾರರು ದಾಖಲಿಸಿದ್ದಾರೆ. ಖಾಲಿದ್(ರ) ಏನು ಮಾಡಿದರು? ಬಣ ಕಟ್ಟಲಿಲ್ಲ, ಪಕ್ಷಾಂತರ ಮಾಡಲಿಲ್ಲ. ಹೊಸ ನಾಯಕನ ಕೈಕೆಳಗೆ ಅದೇ ಶೌರ್ಯದಿಂದ ಹೋರಾಟ ಮುಂದುವರಿಸಿದರು. ಪಕ್ಷದ ಟಿಕೇಟು ತಪ್ಪಿದ ಮರುದಿನವೇ ಸಿದ್ಧಾಂತ ಬದಲಿಸುವವರನ್ನು ಪ್ರತಿ ಚುನಾವಣೆಯಲ್ಲಿ ಕಾಣುವ ನಮಗೆ, ನಿಗಮ ಮಂಡಳಿಯ ಕುರ್ಚಿಗಾಗಿ ಸಮುದಾಯವನ್ನೇ ಅಡವಿಡುವ ‘ಮುಖಂಡರ’ನ್ನು ಕಂಡು ಬೇಸತ್ತ ನಮಗೆ, ಇದು ಯಾವುದೋ ಬೇರೆ ಲೋಕದ ಕಥೆಯಂತೆ ಕೇಳೀತು.

ಆದರೆ ಮುಖಂಡರನ್ನು ಮಾತ್ರ ದೂರುವುದು ಸುಲಭ. 2019ರ ಆಗಸ್ಟ್‌ನಲ್ಲಿ ಕೃಷ್ಣೆ ಉಕ್ಕಿ ಚಿಕ್ಕೋಡಿ, ರಾಯಬಾಗ, ಅಥಣಿ ಭಾಗದ ನದಿತೀರದ ಜನರು ಮನೆಮಠ ತೊರೆದು ಶಾಲೆಗಳಲ್ಲಿ, ಗಂಜಿಕೇಂದ್ರಗಳಲ್ಲಿ ದಿನ ಕಳೆದರು. ಆಗ ನೆರವಿಗೆ ಧಾವಿಸಿದ ಕೈಗಳಿಗೆ ಲೆಕ್ಕವಿಲ್ಲ, ಅವರಿಗೆ ಅಲ್ಲಾಹನು ತಕ್ಕ ಪ್ರತಿಫಲ ನೀಡಲಿ. ಆದರೆ ಇನ್ನೊಂದು ದೃಶ್ಯವನ್ನೂ ಈ ನಾಡು ಕಂಡಿದೆ. ಎಲ್ಲೇ ವಿಪತ್ತು ಬರಲಿ, ಒಂದು ಬ್ರೆಡ್ ಪೊಟ್ಟಣಕ್ಕೆ ಐದು ಕೈ, ಐದು ಕೈಗೆ ಒಂದು ಕ್ಯಾಮೆರಾ. ಪೊಟ್ಟಣ ಪಡೆಯುವ ಮುದುಕಿ ಸೆರಗಿನಿಂದ ಮುಖ ಮುಚ್ಚಿಕೊಂಡರೆ ‘ಅಜ್ಜೀ, ಈ ಕಡೆ ನೋಡು’ ಎನ್ನುವ ಒತ್ತಾಯ. ನಿರ್ಗತಿಕನಿಗೆ ಉಣಿಸಿ ಪ್ರತಿಫಲವನ್ನಾಗಲೀ ಕೃತಜ್ಞತೆಯನ್ನಾಗಲೀ ಬಯಸದವರನ್ನು ಕುರ್‌ಆನ್ ‘ಅದ್ದಹ್ರ್’ ಅಧ್ಯಾಯದಲ್ಲಿ ಪ್ರಶಂಸಿಸಿದೆ. ತೋರಿಕೆಗಾಗಿ ನಮಾಝ್ ಮಾಡುವವರನ್ನೂ ನೆರೆಯವರಿಗೆ ಸಣ್ಣಪುಟ್ಟ ವಸ್ತುಗಳನ್ನೂ ಕೊಡದವರನ್ನೂ ‘ಅಲ್‌ಮಾಊನ್’ ಅಧ್ಯಾಯದಲ್ಲಿ ಒಟ್ಟಿಗೇ ಖಂಡಿಸಿದೆ. ಆ ಪುಟ್ಟ ಅಧ್ಯಾಯ ನಮ್ಮ ಮಕ್ಕಳಿಗೂ ಬಾಯಿಪಾಠ ಇದೆ.

ಮಸೀದಿಯೊಳಗೇ ಬನ್ನಿ. ಮೇಲೆ ತಿರುಗುವ ಫ್ಯಾನಿನ ರೆಕ್ಕೆಯಲ್ಲಿ ದಾನಿಯ ಹೆಸರು. ಗೋಡೆಯ ಗಡಿಯಾರದಲ್ಲಿ ಹೆಸರು, ವುಝೂ ಮಾಡುವ ಕಟ್ಟೆಯಲ್ಲಿ ಅಮೃತಶಿಲೆಯ ಹೆಸರು. ಫ್ಯಾನು ತಿರುಗುವಾಗ ಹೆಸರು ಕಾಣದು, ಹೆಸರು ಕಾಣಬೇಕಾದರೆ ಫ್ಯಾನು ನಿಲ್ಲಬೇಕು! (ನಗು ಬರಬಹುದು, ಆದರೆ ಬೇಸಿಗೆಯ ಜುಮಾದಲ್ಲಿ ಬೆವರುತ್ತ ಕುಳಿತವನಿಗೆ ಯಾವುದು ಬೇಕೆಂದು ಕೇಳಿ ನೋಡಿ.) ತೀರಿಹೋದ ತಂದೆತಾಯಿಯರಿಗೆ ದುಆ ಸಿಗಲೆಂದು ಹೆಸರು ಬರೆಸುವವರಿದ್ದಾರೆ, ಅವರ ಭಾವನೆಯನ್ನು ನಾವು ನೋಯಿಸುವುದಿಲ್ಲ. ಬಲಗೈ ಕೊಟ್ಟದ್ದು ಎಡಗೈಗೆ ತಿಳಿಯದಂತೆ ದಾನ ಮಾಡುವವನಿಗೆ ಅಂತ್ಯದಿನದಂದು ಅಲ್ಲಾಹನ ನೆರಳಿದೆ ಎಂಬ ಹದೀಸನ್ನು ಅದೇ ಫ್ಯಾನಿನ ಕೆಳಗೆ ಕುಳಿತು ನಾವು ಕೇಳುತ್ತೇವೆ ಎಂಬುದನ್ನು ಮಾತ್ರ ನೆನಪಿಸುತ್ತೇವೆ.

ಮದುವೆಗಳ ಬಗ್ಗೆ ಹೆಚ್ಚು ಹೇಳಬೇಕಾಗಿಲ್ಲ. ಒಂದು ರಾತ್ರಿಯ ಊಟಕ್ಕಾಗಿ ಹತ್ತು ವರ್ಷದ ಕಂತು ಕಟ್ಟುವ ಮನೆಗಳು ಪ್ರತಿ ಊರಿನಲ್ಲಿವೆ.

ಈಗ ನಮ್ಮ ಯುವಜನರ ಕಡೆಗೆ ಬರೋಣ. ಹಿಂದೆ ಪ್ರಸಿದ್ಧಿಗೆ ಮುಂಬಯಿಯ ರೈಲು ಹತ್ತಬೇಕಿತ್ತು. ಇಂದು ಅದು ಅಂಗೈಗೇ ಬಂದಿದೆ. ಅರ್ಧ ನಿಮಿಷದ ರೀಲ್ಸ್, ಅದಕ್ಕೆ ಬಿದ್ದ ಲೈಕುಗಳ ಎಣಿಕೆ. ರಾತ್ರಿ ಮಲಗುವ ಮುನ್ನ ಎಣಿಕೆ, ಫಜ್ರ್‌ಗೆ ಏಳದಿದ್ದರೂ ಎದ್ದೊಡನೆ ಎಣಿಕೆ. ಪೈಪೋಟಿಯ ಈ ಲೆಕ್ಕವು ಗೋರಿ ಸೇರುವವರೆಗೂ ಮನುಷ್ಯನನ್ನು ಮೈಮರೆಸುತ್ತದೆಂದು ‘ಅತ್ತಕಾಸುರ್’ ಅಧ್ಯಾಯವು ಎಚ್ಚರಿಸಿದ್ದು ಸಂಪತ್ತಿನ ಬಗ್ಗೆ ಮಾತ್ರ ಎಂದು ಭಾವಿಸಬೇಡಿ. ಇದರ ಇನ್ನೊಂದು ಮುಖ ಹೆಚ್ಚು ಭೀಕರವಾದುದು. ಹತ್ತನೆಯ ತರಗತಿಯ, ಪಿಯುಸಿಯ ಫಲಿತಾಂಶ ಬಂದ ಮರುದಿನದ ಪತ್ರಿಕೆ ತೆರೆಯಲು ಹೆದರಿಕೆಯಾಗುತ್ತದೆ. ಒಂದೆಡೆ ಅಂಕ ಗಳಿಸಿದವರ ಫೋಟೋಗಳ ಸಾಲು, ಇನ್ನೊಂದು ಮೂಲೆಯಲ್ಲಿ ಜೀವ ಕಳೆದುಕೊಂಡ ಮಗುವಿನ ನಾಲ್ಕು ಸಾಲಿನ ಸುದ್ದಿ. ಆ ಮಗುವಿಗೆ ಯಾರು ಕಲಿಸಿದರು, ಅಂಕವಿಲ್ಲದಿದ್ದರೆ ತಾನು ಯಾರೂ ಅಲ್ಲವೆಂದು? ಶಾಲೆ ಮಾತ್ರ ಕಲಿಸಿತೇ? ‘ನಾಲ್ಕು ಜನರ ಮುಂದೆ ಮುಖ ತೋರಿಸುವುದು ಹೇಗೆ’ ಎಂಬ ಮಾತು ಮನೆಯೊಳಗಿನದು. ಮನುಷ್ಯನನ್ನು ಸೃಷ್ಟಿಸಿದ್ದು ತನ್ನ ಇಬಾದತ್‌ಗಾಗಿ ಎಂದು ಅಲ್ಲಾಹನು ತಿಳಿಸಿದ್ದಾನೆ. ಆ ಉದ್ದೇಶದಲ್ಲಿ ನಪಾಸಾಗಲು ಯಾವ ಪರೀಕ್ಷಾ ಮಂಡಳಿಯೂ ಯಾರನ್ನೂ ಮಾಡಲಾರದು. ಫೇಲಾದ ಹುಡುಗನೂ ಸತ್ಯ ನುಡಿಯಬಲ್ಲ, ತಾಯಿಯ ಸೇವೆ ಮಾಡಬಲ್ಲ, ಮತ್ತೆ ಪರೀಕ್ಷೆ ಬರೆಯಬಲ್ಲ. ಅವನ ಜೀವ ಅಲ್ಲಾಹನ ಅಮಾನತ್ತು, ನಮ್ಮ ಮರ್ಯಾದೆಯ ಅಡವು ವಸ್ತುವಲ್ಲ. ಈ ಮಾತನ್ನು ಫಲಿತಾಂಶದ ದಿನ ಹೇಳಿದರೆ ತಡವಾಗುತ್ತದೆ.

ಪ್ರಸಿದ್ಧಿಯ ಶಿಖರ ಏರಿದವರು ಏನು ಹೇಳುತ್ತಾರೆಂದು ಕೇಳುವ ಕುತೂಹಲ ನಮಗಿದೆ. ಕ್ಯಾಟ್ ಸ್ಟೀವನ್ಸ್ ಎಂಬ ಹೆಸರಿನಲ್ಲಿ ಜಗತ್ಪ್ರಸಿದ್ಧರಾಗಿದ್ದ ಬ್ರಿಟಿಷ್ ಗಾಯಕ 1977ರಲ್ಲಿ ಇಸ್ಲಾಮ್ ಸ್ವೀಕರಿಸಿ ಯೂಸುಫ್ ಇಸ್ಲಾಮ್ ಆದರು, ಗಿಟಾರುಗಳನ್ನು ಮಾರಿ ದಾನ ಮಾಡಿದರು. 1983ರಲ್ಲಿ ಲಂಡನ್‌ನಲ್ಲಿ ಒಂದು ಶಾಲೆ ತೆರೆದರು. ಬ್ರಿಟನ್‌ನಲ್ಲಿ ಸರಕಾರದ ಅನುದಾನ ಪಡೆದ ಮೊದಲ ಮುಸ್ಲಿಮ್ ಶಾಲೆಗಳಲ್ಲಿ ಅದೂ ಒಂದು. 2006ರಲ್ಲಿ ಅವರು ಸಂಗೀತಕ್ಕೆ ಮರಳಿದಾಗ ಅವರನ್ನು ಹೊತ್ತು ಕುಣಿದಿದ್ದ ಹಲವರು ಮುಖ ತಿರುಗಿಸಿದರು. ‘ದಂಗಲ್’ ಚಿತ್ರಕ್ಕಾಗಿ ರಾಷ್ಟ್ರಪ್ರಶಸ್ತಿ ಪಡೆದ ಕಾಶ್ಮೀರದ ಯುವತಿ ಝೈರಾ ವಸೀಮ್ 2019ರಲ್ಲಿ ತಮ್ಮ ವಿಶ್ವಾಸದ ಕಾರಣ ನೀಡಿ ಚಿತ್ರರಂಗ ತ್ಯಜಿಸಿದರು. ಒಂದು ಗುಂಪು ಆಕೆಯನ್ನು ಗೇಲಿ ಮಾಡಿತು. ನಮ್ಮವರೋ, ಆಕೆಯ ಫೋಟೋವನ್ನು ಅಭಿನಂದನೆಗಳೊಂದಿಗೆ ಊರೆಲ್ಲ ಹಂಚಿದರು! ತಮ್ಮ ಚಿತ್ರಗಳನ್ನು ತೆಗೆದುಹಾಕಿರೆಂದು ಆಕೆಯೇ 2020ರಲ್ಲಿ ಅಭಿಮಾನಿಗಳಲ್ಲಿ ವಿನಂತಿಸಬೇಕಾಯಿತು. ಪ್ರಸಿದ್ಧಿಯನ್ನು ತೊರೆದವರನ್ನೂ ಪ್ರಸಿದ್ಧಿಯ ತಕ್ಕಡಿಯಲ್ಲೇ ತೂಗುವ ಈ ಚಾಳಿಯನ್ನು ಏನೆನ್ನಬೇಕು? ಹೆಸರಾಂತ ಆಟಗಾರನೋ ನಟಿಯೋ ಬಂದರೆ ಮಾತ್ರ ನಮ್ಮ ದೀನ್‌ಗೆ ಗೌರವ ಎಂಬ ಕೀಳರಿಮೆ ಅದರೊಳಗೆ ಅಡಗಿದೆ.

ಅಷ್ಟು ದೂರ ಹೋಗುವುದೇಕೆ? ಮಂಗಳೂರಿನ ಬಳಿಯ ಹರೇಕಳದ ಹಾಜಬ್ಬರು ನಮ್ಮ ನಾಡಿನವರೇ. ಬುಟ್ಟಿಯಲ್ಲಿ ಕಿತ್ತಳೆ ಹೊತ್ತು ಮಾರುತ್ತಿದ್ದವರು, ಅಕ್ಷರ ಕಲಿತವರಲ್ಲ. ಒಮ್ಮೆ ವಿದೇಶಿ ದಂಪತಿ ಇಂಗ್ಲಿಷಿನಲ್ಲಿ ಹಣ್ಣಿನ ಬೆಲೆ ಕೇಳಿದಾಗ ಅವರಿಗೆ ಉತ್ತರಿಸಲಾಗಲಿಲ್ಲ. ಇಂತಹ ಅವಮಾನದ ನಂತರ ನಾವಾದರೆ ‘ನಮ್ಮ ಮಗ ಇಂಗ್ಲಿಷ್ ಕಲಿಯಲಿ’ ಎಂದು ಸಾಲ ಮಾಡಿ ಪಟ್ಟಣದ ಶಾಲೆಗೆ ಸೇರಿಸುತ್ತಿದ್ದೆವೇನೋ. ಅವರ ಯೋಚನೆ ಬೇರೆ ಕಡೆ ಹೋಯಿತು. ತಮ್ಮ ನ್ಯೂಪಡ್ಪುವಿನಲ್ಲಿ ಶಾಲೆಯೇ ಇಲ್ಲವಲ್ಲ, ಈ ಊರಿನ ಮಕ್ಕಳ ಗತಿಯೇನು? ದಿನಕ್ಕೆ ನೂರೈವತ್ತು ರೂಪಾಯಿ ಆಸುಪಾಸಿನ ಗಳಿಕೆಯಲ್ಲಿ ಉಳಿಸಿ, ಕಚೇರಿಗಳಿಗೆ ಅಲೆದು, ದಾನಿಗಳ ಮುಂದೆ ಕೈಯೊಡ್ಡಿ, 2000ದಲ್ಲಿ ಊರಿನ ಮದ್ರಸದ ಜಾಗದಲ್ಲೇ 28 ಮಕ್ಕಳೊಂದಿಗೆ ಶಾಲೆ ಆರಂಭವಾಗುವಂತೆ ಮಾಡಿದರು. ಮುಂದೆ ಅದಕ್ಕೆ ಸ್ವಂತ ಜಮೀನು, ಕಟ್ಟಡ ಆಯಿತು. ಅದು ಹೈಸ್ಕೂಲಾಗಿ ಬೆಳೆಯಿತು. ಇಲ್ಲಿ ಒಂದು ಮಾತನ್ನು ಗಮನಿಸಬೇಕು. ಅದು ಅವರ ಹೆಸರಿನ ಟ್ರಸ್ಟಿನ ಶಾಲೆಯಲ್ಲ. ಸರಕಾರಿ ಶಾಲೆ. ಎಲ್ಲ ಮತದವರ ಮಕ್ಕಳೂ ಶುಲ್ಕವಿಲ್ಲದೆ ಓದುವ ಶಾಲೆ. ತಾವು ಕಟ್ಟಿದ್ದನ್ನು ಜನರಿಗೆ ಒಪ್ಪಿಸಿ ಅದೇ ಶಾಲೆಯ ಅಂಗಳ ಗುಡಿಸುವವರಂತೆ ಅವರು ಉಳಿದರು.

ಪತ್ರಿಕೆಗಳು ಅವರನ್ನು ಗುರುತಿಸಿದವು, ಪ್ರಶಸ್ತಿಗಳು ಬಂದವು. ಬಂದ ಹಣ ಶಾಲೆಗೆ ಹೋಯಿತು. 2020ರ ಜನವರಿಯಲ್ಲಿ ಪದ್ಮಶ್ರೀ ಘೋಷಣೆಯಾದ ಸುದ್ದಿ ತಲಪಿದಾಗ ಅವರು ಪಡಿತರ ಅಂಗಡಿಯ ಸಾಲಿನಲ್ಲಿ ನಿಂತಿದ್ದರೆಂದು ವರದಿಯಾಯಿತು. 2021ರ ನವೆಂಬರ್ 8ರಂದು ರಾಷ್ಟ್ರಪತಿ ಭವನದಲ್ಲಿ ಬಿಳಿ ಅಂಗಿ, ಬಿಳಿ ಪಂಚೆಯಲ್ಲಿ, ಬರಿಗಾಲಲ್ಲಿ ನಡೆದು ಅದನ್ನು ಸ್ವೀಕರಿಸಿದರು. ಯಾವ ಮುಸ್ಲಿಮ್ ಬಡವನ ಬರಿಗಾಲನ್ನು ಕಂಡು ದೇಶದ ಪ್ರತಿಷ್ಠಿತರು ಅಷ್ಟು ಗೌರವದಿಂದ ಎದ್ದು ನಿಲ್ಲುವಂತಾಗಿದೆ ಹೇಳಿ! ಆ ಹೃದಯದೊಳಗಿನ ನಿಯ್ಯತ್ತು ಅಲ್ಲಾಹನಿಗೆ ಮಾತ್ರ ಗೊತ್ತು, ಅದರ ಮೇಲೆ ತೀರ್ಪು ಕೊಡುವ ಅಧಿಕಾರ ನಮಗಿಲ್ಲ. ಆದರೆ ಕಣ್ಣಿಗೆ ಕಾಣುವುದನ್ನು ಹೇಳಬಹುದು. ಆ ಪ್ರಶಸ್ತಿ ಬಾರದೇ ಹೋಗಿದ್ದರೂ ಆ ಶಾಲೆಯ ಗಂಟೆ ಬಾರಿಸುತ್ತಿತ್ತು.

ವಿದ್ಯೆ ಇದ್ದವರ ನಡುವೆಯೂ ಇಂಥವರಿದ್ದಾರೆ. ಡಾ. ಮುಮ್ತಾಝ್ ಅಹ್ಮದ್ ಖಾನ್ ಶಸ್ತ್ರಚಿಕಿತ್ಸೆ ಕಲಿತ ವೈದ್ಯರು. ಹಣಕ್ಕೂ ಹೆಸರಿಗೂ ಅವರ ಚಾಕು ಸಾಕಿತ್ತು. 1966ರಲ್ಲಿ, ಮೂವತ್ತರ ಆಸುಪಾಸಿನ ವಯಸ್ಸಿನಲ್ಲಿ, ಬೆಂಗಳೂರಿನಲ್ಲಿ ಅಲ್ ಅಮೀನ್ ಶಿಕ್ಷಣ ಸಂಸ್ಥೆ ಆರಂಭಿಸಿದರು. 2021ರ ಮೇ ತಿಂಗಳಲ್ಲಿ ಅವರು ನಿಧನರಾಗುವಷ್ಟರಲ್ಲಿ ಆ ಆಂದೋಲನದಿಂದ ಓದಿ ಹೊರಬಂದವರು ನಾಡಿನ ಉದ್ದಗಲಕ್ಕೂ ಹರಡಿದ್ದರು. ಇಲ್ಲಿಂದ ಅಥಣಿ ದಾಟಿ ಪೂರ್ವಕ್ಕೆ ಹೋದರೆ ಸಿಗುವ ವಿಜಯಪುರದಲ್ಲಿ 1984ರಿಂದ ಅಲ್ ಅಮೀನ್ ವೈದ್ಯಕೀಯ ಕಾಲೇಜು ನಡೆಯುತ್ತಿದೆ.

ಅದೇ ವಿಜಯಪುರಕ್ಕೆ ನಮ್ಮ ಮಕ್ಕಳು ಶಾಲಾ ಪ್ರವಾಸ ಹೋಗುತ್ತಾರೆ. ಗೋಳಗುಮ್ಮಟದ ಮೇಲಿನ ಗ್ಯಾಲರಿಯಲ್ಲಿ ನಿಂತು ಏನು ಕೂಗುತ್ತಾರೆ? ತಮ್ಮ ತಮ್ಮ ಹೆಸರನ್ನು. ಗುಮ್ಮಟ ಅದನ್ನು ಹಲವು ಬಾರಿ ಮರಳಿಸುತ್ತದೆ, ಪ್ರತಿಬಾರಿಯೂ ಇನ್ನಷ್ಟು ಸಣ್ಣದಾಗಿ. ಕೆಳಗೆ ಮಲಗಿರುವ ಮುಹಮ್ಮದ್ ಆದಿಲ್ ಶಾಹನು 1656ರಲ್ಲಿ ತೀರಿಕೊಂಡನು. ಅವನ ಮಗ ಎರಡನೆಯ ಅಲಿ ಆದಿಲ್ ಶಾಹನು ತನಗಾಗಿ ಅಂತಹುದೇ ಭವ್ಯ ಸಮಾಧಿ ಕಟ್ಟಿಸಲು ಹೊರಟು 1672ರಲ್ಲಿ ಮರಣ ಹೊಂದಿದಾಗ ಅದು ಅರ್ಧಕ್ಕೆ ನಿಂತಿತು. ಬಾರಾ ಕಮಾನ್ ಎಂಬ ಆ ಕಮಾನುಗಳು ಇಂದಿಗೂ ಮಾಡಿಲ್ಲದೆ ನಿಂತಿವೆ. 1686ರಲ್ಲಿ ರಾಜ್ಯವೇ ಹೋಯಿತು. ಶಿಲ್ಪಿಗಳ ಕೌಶಲವನ್ನು ನಾವು ಹೆಮ್ಮೆಯಿಂದಲೇ ನೋಡಬೇಕು. ಆದರೆ ಆ ಕಾಲೇಜಿನ ಆಸ್ಪತ್ರೆಯಲ್ಲಿ ಹೆರಿಗೆಯಾಗಿ ಮನೆಗೆ ಮರಳುವ ಬಡ ತಾಯಿಗೆ ಅದನ್ನು ನಡೆಸುವ ಸಂಸ್ಥೆ ಕಟ್ಟಿದವರ ಹೆಸರು ಗೊತ್ತಿರಲಾರದು. ಆಕೆಗೆ ಅದು ಬೇಕಾಗಿಯೂ ಇಲ್ಲ.

ಅಂಕಲಿಯವರಿಗೆ ಈ ಮಾತು ಹೊಸದಾಗಿ ಹೇಳಬೇಕಾದುದಲ್ಲ. ಈ ಊರಿನ ಶಿತೋಳೆ ಮನೆತನದ ಕುದುರೆಗಳು ವರ್ಷವರ್ಷವೂ ಕಾಲ್ನಡಿಗೆಯಲ್ಲಿ ಆಳಂದಿಗೆ ಹೋಗಿ ಪಂಢರಪುರದ ಪಾಲಖಿಯಲ್ಲಿ ಸೇರುತ್ತವೆ, ಅದರಲ್ಲಿ ಒಂದರ ಬೆನ್ನ ಮೇಲೆ ಸವಾರನಿರುವುದಿಲ್ಲ. ನಮ್ಮ ವಿಶ್ವಾಸ, ನಮ್ಮ ಇಬಾದತ್ತಿನ ರೀತಿ ಬೇರೆ. ಆದರೂ ನೆರೆಯವರ ಒಂದು ಗುಣವನ್ನು ಒಪ್ಪಿಕೊಳ್ಳಲು ಸಂಕೋಚವೇಕೆ? ಆ ದಾರಿಯುದ್ದಕ್ಕೂ ಲಗಾಮು ಹಿಡಿದು ನಡೆಯುವವರು ತಾವು ಬೆನ್ನೇರುವುದಿಲ್ಲ.

ಕೊನೆಯದಾಗಿ ಒಂದು ವ್ಯವಹಾರದ ಮಾತು. ಈ ವರ್ಷ ಹತ್ತನೆಯ ತರಗತಿ ಪಾಸಾದ ನಮ್ಮ ಕೆಲವು ಹೆಣ್ಣುಮಕ್ಕಳು ಬಸ್ ಚಾರ್ಜು, ಪುಸ್ತಕ, ಶುಲ್ಕದ ಚಿಂತೆಯಿಂದ ಕಾಲೇಜಿಗೆ ಹೋಗದೆ ಮನೆಯಲ್ಲಿದ್ದಾರೆ. ಅವರು ಯಾರೆಂದು ಇಲ್ಲಿ ಹೇಳುವುದಿಲ್ಲ, ನೀವೂ ವಿಚಾರಿಸಬೇಡಿ. ಇಶಾ ನಮಾಝ್‌ನ ನಂತರ ಬಾಗಿಲ ಬಳಿ ಒಂದು ಪೆಟ್ಟಿಗೆ ಇರುತ್ತದೆ. ಮಹಿಳೆಯರ ಕಡೆಯೂ ಒಂದನ್ನು ಇಡಲಾಗಿದೆ. ಯಾರು ಎಷ್ಟು ಹಾಕಿದರೆಂದು ಧ್ವನಿವರ್ಧಕದಲ್ಲಿ ಘೋಷಣೆ ಇರುವುದಿಲ್ಲ, ದಾನಿಗಳ ಪಟ್ಟಿಯನ್ನು ಗೋಡೆಗೆ ಅಂಟಿಸುವುದಿಲ್ಲ, ಮಕ್ಕಳನ್ನು ವೇದಿಕೆಗೆ ಕರೆದು ಲಕೋಟೆ ಕೊಡುವ ಫೋಟೋವೂ ಇಲ್ಲ. ಒಟ್ಟು ಮೊತ್ತ ಎಷ್ಟಾಯಿತು, ಯಾವ ಕಾಲೇಜಿಗೆ ಎಷ್ಟು ಶುಲ್ಕ ಕಟ್ಟಲಾಯಿತು ಎಂಬ ಲೆಕ್ಕವನ್ನು ರಸೀದಿಗಳೊಂದಿಗೆ ಮುಂದಿನ ತಿಂಗಳ ಮೊದಲ ಜುಮಾದ ನಂತರ ಇಲ್ಲಿಯೇ ಓದಿ ಹೇಳಲಾಗುವುದು. ಯಾರಿಗಾದರೂ ಲೆಕ್ಕದ ಪುಸ್ತಕ ನೋಡಬೇಕೆನಿಸಿದರೆ ಅದು ಯಾವ ದಿನವೂ ತೆರೆದೇ ಇರುತ್ತದೆ.